ಹದ ಕಂಡುಕೊಂಡರೆ ಪೇಟೆಂಟ್ ಸಿಗುತ್ತದೆಯೇ?

ಸರ್ಕ್ಯೂಟ್ ಬೋರ್ಡಿನ ಮೇಲೆ ಕಾಣುವ ಕಪ್ಪು ಚೌಕವನ್ನು ನಾವೆಲ್ಲ ಚಿಪ್ ಎನ್ನುತ್ತೇವೆ. ಅಸಲಿ ಚಿಪ್ ಅದರೊಳಗೆ ಹುದುಗಿರುತ್ತದೆ. ಕಣ್ಣಿಗೆ ಬೀಳುವುದು ಅದರ ಸುತ್ತ ಎರಕ ಹೊಯ್ದ ರಾಳ ಮಾತ್ರ. ಒಮ್ಮೆ ಕಾಯಿಸಿ ಗಟ್ಟಿಯಾದರೆ ಮತ್ತೆ ಕರಗದ, ಅಂದರೆ ಥರ್ಮೋಸೆಟ್ ಜಾತಿಯ ರಾಳ. ಕಸುಬಿನವರು ಇದಕ್ಕೆ ಎಪಾಕ್ಸಿ ಮೋಲ್ಡಿಂಗ್ ಕಾಂಪೌಂಡ್, ಚಿಕ್ಕದಾಗಿ ಇಎಂಸಿ ಎನ್ನುತ್ತಾರೆ. ಈ ಮಿಶ್ರಣಗಳ ಮೇಲೆ ಪೇಟೆಂಟ್ ಅರ್ಜಿಗಳು ದಶಕಗಳಿಂದ ಬರುತ್ತಲೇ ಇವೆ, ಹೆಚ್ಚಿನವು ಜಪಾನಿನ ಕಂಪನಿಗಳಿಂದ. ಅವುಗಳಿಗೆ ಎದುರಾಗುವ ಆಕ್ಷೇಪ ಮಾತ್ರ ಬಹುತೇಕ ಒಂದೇ: ಇದು ಆಬ್ವಿಯಸ್, ಈ ವಿದ್ಯೆ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು.

ಆಕ್ಷೇಪ ಯಾಕೆ ಅಷ್ಟು ಸುಲಭವಾಗಿ ಬರುತ್ತದೆ ಎಂದು ತಿಳಿಯಲು ಮಿಶ್ರಣದ ಒಳಗೇ ನೋಡಬೇಕು. ಸರ್ಫೇಸ್ ಮೌಂಟ್ ಪ್ಯಾಕೇಜಿಗೆ (ಬೋರ್ಡಿನ ಮೇಲ್ಮೈಗೇ ಬೆಸೆಯುವ, ರಾಳ ಹೊಯ್ದ ಚಿಪ್ಪಿಗೆ) ಹೊಂದುವ 100 ಗ್ರಾಂ ಪುಡಿಯ ಲೆಕ್ಕ ಹೀಗಿರಬಹುದು: ಗೋಳಾಕಾರದ ಫ್ಯೂಸ್ಡ್ ಸಿಲಿಕಾ 87 ಗ್ರಾಂ, ಬೈಫಿನೈಲ್ ಎಪಾಕ್ಸಿ 6, ಅದನ್ನು ಗಟ್ಟಿ ಮಾಡುವ ಫೀನಾಲ್ ಅರಾಲ್ಕಿಲ್ ಹಾರ್ಡ್‌ನರ್ 5.5, ಫಾಸ್ಫೀನ್ ಜಾತಿಯ ಕೆಟಲಿಸ್ಟ್ 0.2, ಸಿಲಿಕಾವನ್ನು ರಾಳಕ್ಕೆ ಅಂಟಿಸುವ ಸಿಲೇನ್ 0.4, ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಕಾರ್ನೌಬಾ ಮೇಣ 0.3, ಕಾರ್ಬನ್ ಬ್ಲ್ಯಾಕ್ 0.3, ಕ್ಲೋರಿನ್ ಅಯಾನು ಹಿಡಿಯುವ ಹೈಡ್ರೋಟಾಲ್ಸೈಟ್ 0.3. ಕೂಡಿದರೆ ಸರಿಯಾಗಿ ನೂರು. ಇದನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೋಲರಿನಲ್ಲೋ ನೀಡರಿನಲ್ಲೋ ನಾದಿ, ತಣಿಸಿ, ಪುಡಿ ಮಾಡಿ, ಗುಳಿಗೆ ಒತ್ತುತ್ತಾರೆ. ಆ ಗುಳಿಗೆ 175 ಡಿಗ್ರಿಯ ಅಚ್ಚಿನಲ್ಲಿ ಒಂದೂವರೆ ಎರಡು ನಿಮಿಷದಲ್ಲಿ ಕರಗಿ, ಹರಿದು, ಗಟ್ಟಿಯಾಗುತ್ತದೆ. ಆಮೇಲೆ ಅದೇ ಬಿಸಿಯಲ್ಲಿ 4ರಿಂದ 8 ಗಂಟೆ ಒಲೆಯಲ್ಲಿ ಬೇಯಿಸುವುದು.

ಈ ಪಟ್ಟಿಯಲ್ಲಿ ಒಂದೂ ಹೊಸದಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರತಿಯೊಂದನ್ನೂ ಯಾಕೆ ಹಾಕುತ್ತಾರೆ ಎಂಬುದೂ ಹೊಸದಲ್ಲ. ಸಿಲಿಕಾನ್ ಒಂದು ಡಿಗ್ರಿಗೆ ಹಿಗ್ಗುವುದು ಸುಮಾರು 3 ಪಿಪಿಎಂ (ಹತ್ತು ಲಕ್ಷಕ್ಕೆ 3 ಪಾಲು), ಚಿಪ್ ಕೂರುವ ತಾಮ್ರದ ಚೌಕಟ್ಟು 17 ಪಿಪಿಎಂ. ಬರೀ ಎಪಾಕ್ಸಿಯಾದರೆ 60-70. ಹಿಗ್ಗುವಿಕೆ ಇಳಿಸಲು 0.5 ಪಿಪಿಎಂ ಹಿಗ್ಗುವ ಸಿಲಿಕಾ ತುಂಬುತ್ತಾರೆ. ರಾಳ ಕಡಿಮೆಯಾದಷ್ಟೂ ಪ್ಯಾಕೇಜ್ ಹೀರುವ ನೀರೂ ಕಡಿಮೆ. ಬೆಸುಗೆಯ ಒಲೆಯಲ್ಲಿ 260 ಡಿಗ್ರಿ ತಟ್ಟಿದಾಗ ಒಳಗಿನ ತೇವ ಹಬೆಯಾಗಿ, ರಾಳವನ್ನು ಲೋಹದಿಂದ ಎಬ್ಬಿಸಿ, ಜೋಳದ ಅರಳಿನಂತೆ ಸಿಡಿಸುವ ಸಂಭವವೂ ಆಗ ಕಡಿಮೆ. ಸಿಲಿಕಾ ಹೆಚ್ಚಾದರೆ ಮಿಶ್ರಣ ದಪ್ಪವಾಗಿ ಹರಿಯುವುದಿಲ್ಲ. ಅದಕ್ಕೇ ಕರಗಿದಾಗ ಬಹಳ ತೆಳುವಾಗುವ ಬೈಫಿನೈಲ್ ಎಪಾಕ್ಸಿ. ಫೀನಾಲ್ ಅರಾಲ್ಕಿಲ್‌ನಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ವಿರಳ. ನೀರು ಹೀರುವುದೂ ಬಿಸಿಯಲ್ಲಿ ಬಿಗಿಯಾಗಿರುವುದೂ ಕಡಿಮೆ. ಇದೆಲ್ಲ ಹಳೆಯ ಪೇಟೆಂಟುಗಳಲ್ಲೇ ಸವಿಸ್ತಾರವಾಗಿ ಬರೆದಿಟ್ಟ ವಿದ್ಯೆ.

ಸಾರಿನ ಪುಡಿಯ ಹಾಗೆ. ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಎಲ್ಲರ ಮನೆಯಲ್ಲೂ ಇವೆ. ಯಾವುದು ಯಾಕೆ ಎಂದು ಎಲ್ಲರಿಗೂ ಗೊತ್ತು. ನನ್ನ ಪುಡಿ ಬೇರೆ ಎಂದು ಹೇಳಲು ಉಳಿಯುವುದು ಪ್ರಮಾಣ ಮತ್ತು ಹದ. ಪೇಟೆಂಟ್ ಕಾನೂನು ಹದದ ವಿಷಯದಲ್ಲಿ ಬಹಳ ಬಿಗಿ.

ಹದದ ಕಾನೂನು

ಅಮೆರಿಕದ ಲೆಕ್ಕವನ್ನೇ ಹಿಡಿಯೋಣ. ಈ ಕ್ಷೇತ್ರದ ಜಗಳ ಹೆಚ್ಚು ದಾಖಲಾಗಿರುವುದು ಅಲ್ಲಿ. ಅಮೆರಿಕದ ಪೇಟೆಂಟ್ ಕಾನೂನಿನ ಕಲಂ 103ರ ಪ್ರಕಾರ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಸಾಮಾನ್ಯ ಪರಿಣತನಿಗೆ ಹೊಳೆಯುವಂತಿದ್ದರೆ ಪೇಟೆಂಟ್ ಇಲ್ಲ. ಹಳೆಯದರಲ್ಲಿ ಏನಿದೆ, ವ್ಯತ್ಯಾಸವೇನು, ಪರಿಣತನ ಮಟ್ಟವೇನು ಎಂದು ಸಾಲಾಗಿ ನೋಡುವ ಕ್ರಮವನ್ನು 1966ರ ಗ್ರಹಾಂ ತೀರ್ಪು ಹಾಕಿಕೊಟ್ಟಿತು. 2007ರ ಕೆಎಸ್‌ಆರ್ ತೀರ್ಪು ಆ ಪರಿಣತನಿಗೆ ಸ್ವಂತ ಬುದ್ಧಿಯನ್ನೂ ಕೊಟ್ಟಿತು: ಎರಡು ದಾಖಲೆ ಕೂಡಿಸಲು ಅವುಗಳಲ್ಲೇ ಅಕ್ಷರಶಃ ಸೂಚನೆ ಇರಬೇಕಿಲ್ಲ, ಅವನು ಯಂತ್ರಮಾನವನಲ್ಲ ಎಂದಿತು.

ಮಿಶ್ರಣದವರನ್ನು ನಿಜಕ್ಕೂ ಕಾಡುವುದು 1955ರ ಆಲರ್ ತೀರ್ಪು. ಹಳೆಯ ದಾಖಲೆ 100 ಡಿಗ್ರಿ ಬಿಸಿ, ಶೇ. 10ರ ಗಂಧಕಾಮ್ಲ ಎಂದಿತ್ತು. ಅರ್ಜಿದಾರರು 40ರಿಂದ 80 ಡಿಗ್ರಿ, ಶೇ. 25ರಿಂದ 70ರ ಆಮ್ಲ ಎಂದು ಕೇಳಿದರು. ಸಾಮಾನ್ಯ ಸ್ಥಿತಿ ಗೊತ್ತಿರುವಾಗ ಮಾಮೂಲಿ ಪ್ರಯೋಗದಿಂದ ಉತ್ತಮ ಪ್ರಮಾಣ ಹುಡುಕುವುದು ಆವಿಷ್ಕಾರವಲ್ಲ ಎಂದು ನ್ಯಾಯಾಲಯ ಹೇಳಿತು. ಅಂದಹಾಗೆ ಆ ಪ್ರಕ್ರಿಯೆ ಫೀನಾಲ್ ತಯಾರಿಸುವುದು. ಇಎಂಸಿಯ ಹಾರ್ಡ್‌ನರ್ ಹುಟ್ಟುವುದೇ ಫೀನಾಲ್‌ನಿಂದ; ಕಚ್ಚಾವಸ್ತುವಿನ ತೀರ್ಪು ಸಿದ್ಧವಸ್ತುವಿನ ಬೆನ್ನು ಬಿಟ್ಟಿಲ್ಲ.

2003ರ ಪೀಟರ್ಸನ್ ತೀರ್ಪು ಇನ್ನೂ ನೇರ. ನಿಕ್ಕಲ್ ಮಿಶ್ರಲೋಹದಲ್ಲಿ ರೀನಿಯಂ ಶೇ. 1ರಿಂದ 3 ಎಂಬುದು ಕ್ಲೇಮು, ಅಂದರೆ ಹಕ್ಕು ಕೇಳಿದ ವ್ಯಾಪ್ತಿ. ಹಳೆಯ ದಾಖಲೆಯಲ್ಲಿ 0ಯಿಂದ 7. ವ್ಯಾಪ್ತಿ ಒಳಗೇ ಬಿದ್ದಿರುವುದರಿಂದ ಮೊದಲ ನೋಟಕ್ಕೇ ಆಬ್ವಿಯಸ್. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಅವರ ದತ್ತಾಂಶ ಶೇ. 2ರ ಬಳಿ ಸುಧಾರಣೆ ತೋರಿಸಿತು, 1ರಿಂದ 3ರ ಇಡೀ ವ್ಯಾಪ್ತಿಗೆ ತೋರಿಸಲಿಲ್ಲ. ಸೋತರು. ಈ ತೀರ್ಪಿನಲ್ಲಿ ರೀನಿಯಂ ಇದ್ದ ಕಡೆ ಸಿಲಿಕಾ ಎಂದು ಓದಿಕೊಂಡರೆ ಅರ್ಧ ಇಎಂಸಿ ಅರ್ಜಿಗಳ ಹಣೆಬರಹ ಕಾಣುತ್ತದೆ.

ಪಾರಾಗುವ ಬಾಗಿಲುಗಳು ಕೆಲವೇ. ಬದಲಿಸಿದ ಅಂಶ ಫಲಿತಾಂಶವನ್ನು ಬದಲಿಸುತ್ತದೆಂದು ಹಿಂದೆ ಯಾರೂ ಗುರುತಿಸಿರಲಿಲ್ಲ ಎಂದು ತೋರಿಸುವುದು ಒಂದು. 1977ರ ಆಂಟೋನಿ ತೀರ್ಪು ನಿಂತಿರುವುದು ಇದರ ಮೇಲೆ. ಹಳೆಯ ದಾಖಲೆ ಈ ದಾರಿಗೆ ಹೋಗಬೇಡ ಎಂದಿತ್ತು ಎಂದು ತೋರಿಸುವುದು ಇನ್ನೊಂದು. ಮೂರನೆಯದು, ಬಹುತೇಕ ಕೇಸುಗಳಲ್ಲಿ ಉಳಿಯುವ ಒಂದೇ ದಾರಿ: ಯಾರೂ ನಿರೀಕ್ಷಿಸದ ಫಲಿತಾಂಶ. ವ್ಯಾಪಾರದ ಯಶಸ್ಸು ಎಂಬ ವಾದವೂ ಪುಸ್ತಕದಲ್ಲಿದೆ. ಆದರೆ ಒಂದು ಗ್ರೇಡ್, ಅಂದರೆ ಮಾರುಕಟ್ಟೆಗೆ ಬಿಟ್ಟ ಒಂದು ಮಿಶ್ರಣ, ಮಾರಾಟವಾಗುವುದು ಬೆಲೆ, ಸರಬರಾಜು, ಗ್ರಾಹಕ ಮಾಡಿದ ಹತ್ತಾರು ಪರೀಕ್ಷೆಗಳ ಮೇಲೆ. ಅದನ್ನು ಶೇ. 0.3 ಹೈಡ್ರೋಟಾಲ್ಸೈಟಿಗೆ ಕಟ್ಟುವುದು ಕಷ್ಟ, ಆ ವಾದಕ್ಕೆ ಶಾಯಿ ಖರ್ಚು ಮಾಡಬೇಕಿಲ್ಲ.

ಬೇಡ ಎಂದಿತ್ತು ಎಂಬ ವಾದಕ್ಕೆ ಎಚ್ಚರಿಕೆಯೂ ಎಪಾಕ್ಸಿ ಲೋಕದಿಂದಲೇ ಬಂದಿದೆ. 1994ರ ಗರ್ಲಿ ಪ್ರಕರಣದಲ್ಲಿ ವಿಷಯ ಬಗ್ಗಿಸಬಹುದಾದ ಸರ್ಕ್ಯೂಟ್ ಬೋರ್ಡಿನ ವಸ್ತು. ಹಳೆಯ ದಾಖಲೆ ಪಾಲಿಯೆಸ್ಟರ್-ಇಮೈಡ್ ರಾಳವನ್ನು ಹೊಗಳಿ, ಎಪಾಕ್ಸಿಯೂ ಇದೆ, ಆದರೆ ಅದಕ್ಕಿಂತ ಕಡಿಮೆ ದರ್ಜೆಯದು ಎಂದಿತ್ತು. ನೋಡಿ, ಎಪಾಕ್ಸಿ ಬೇಡವೆಂದಿದ್ದಾರೆ ಎಂದು ವಾದಿಸಿದರೆ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಒಪ್ಪಲಿಲ್ಲ. ಸ್ವಲ್ಪ ಕಡಿಮೆ ಎಂದ ಮಾತ್ರಕ್ಕೆ ಗೊತ್ತಿದ್ದ ವಸ್ತು ಹೊಸದಾಗುವುದಿಲ್ಲ. ಕಡಿಮೆ ದರ್ಜೆ ಎನ್ನುವುದು ಬೇರೆ, ಕೆಲಸಕ್ಕೆ ಬಾರದು ಎನ್ನುವುದು ಬೇರೆ.

ಒಂದು ಕಟ್ಟಿದ ಉದಾಹರಣೆ

ಕಲ್ಪಿಸಿಕೊಳ್ಳಿ: ನಮ್ಮ ಕ್ಲೇಮು ಬೈಫಿನೈಲ್ ಎಪಾಕ್ಸಿ, ಫೀನಾಲ್ ಅರಾಲ್ಕಿಲ್, ಸಿಲಿಕಾ ಶೇ. 84–90, ಹೈಡ್ರೋಟಾಲ್ಸೈಟ್ ಶೇ. 0.1–0.5 ಇರುವ ಮಿಶ್ರಣದಿಂದ ಮುಚ್ಚಿದ, ಚಿಪ್ಪನ್ನು ಚೌಕಟ್ಟಿಗೆ ಜೋಡಿಸುವ ತಂತಿ ತಾಮ್ರದ್ದಾಗಿರುವ ಸಾಧನ. ತಾಮ್ರ ಯಾಕೆಂದರೆ ಚಿನ್ನದ ಬೆಲೆ ಏರಿದ ಮೇಲೆ ಉದ್ಯಮ ಬಹುಮಟ್ಟಿಗೆ ಚಿನ್ನದ ತಂತಿ ಬಿಟ್ಟು ತಾಮ್ರಕ್ಕೆ ಹೊರಳಿತು, ಮತ್ತು ತಾಮ್ರ ಕ್ಲೋರಿನ್ನಿಗೆ ಹೆದರುತ್ತದೆ. ತಂತಿಯ ತುದಿಯ ತಾಮ್ರದ ಉಂಡೆ ಚಿಪ್ಪಿನ ಅಲ್ಯುಮಿನಿಯಂ ಪ್ಯಾಡಿಗೆ ಕೂಡುವಲ್ಲಿ ಬೆಳೆಯುವ ಲೋಹಪದರಗಳನ್ನು, ಅದರಲ್ಲೂ ತಾಮ್ರ ಹೆಚ್ಚಿರುವ ಪದರವನ್ನು, ತೇವದೊಂದಿಗೆ ಬಂದ ಕ್ಲೋರಿನ್ ಅಯಾನು ತಿನ್ನುತ್ತದೆ; ತಂತಿ ಪ್ಯಾಡಿನಿಂದ ಎದ್ದುಬಿಡುತ್ತದೆ. ಕ್ಲೋರಿನ್ ಬರುವುದು ಎಪಾಕ್ಸಿಯಿಂದಲೇ. ಎಪಾಕ್ಸಿ ತಯಾರಾಗುವುದು ಎಪಿಕ್ಲೋರೋಹೈಡ್ರಿನ್‌ನಿಂದ, ಅದರ ಶೇಷ ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ.

ಎಕ್ಸಾಮಿನರ್, ಅಂದರೆ ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಅಧಿಕಾರಿ, ಮೂರು ದಾಖಲೆ ತೆಗೆಯುತ್ತಾರೆ ಎನ್ನೋಣ. ಮೊದಲನೆಯದರಲ್ಲಿ ಬೈಫಿನೈಲ್ ಎಪಾಕ್ಸಿ, ಹಾರ್ಡ್‌ನರ್ ಆಗಿ ಫೀನಾಲ್ ನೊವೊಲಾಕ್, ಸಿಲಿಕಾ 75–90, ಚಿನ್ನದ ತಂತಿ. ಎರಡನೆಯದು ನೊವೊಲಾಕ್ ಬದಲು ಅರಾಲ್ಕಿಲ್ ಹಾಕಿದರೆ ನೀರು ಹೀರುವುದು ಇಳಿಯುತ್ತದೆ ಎನ್ನುತ್ತದೆ. ಮೂರನೆಯದು ಹೈಡ್ರೋಟಾಲ್ಸೈಟ್ 0.05ರಿಂದ 3 ಹಾಕಿದರೆ ಕ್ಲೋರಿನ್ ಕಟ್ಟಿಬೀಳುತ್ತದೆ ಎನ್ನುತ್ತದೆ. ಮೂರನ್ನೂ ಕೂಡಿಸಲು ಕಾರಣ ಆ ದಾಖಲೆಗಳಲ್ಲೇ ಬರೆದಿದೆ; ಚಿನ್ನದ ಬದಲು ತಾಮ್ರದ ತಂತಿಯಂತೂ ಆಗಲೇ ಉದ್ಯಮದ ರೂಢಿ.

ಇದಕ್ಕೆ ಸಾಮಾನ್ಯವಾಗಿ ಹೋಗುವ ಉತ್ತರಗಳು ಯಾಕೆ ಬೀಳುತ್ತವೆ ನೋಡೋಣ. ಮೊದಲ ದಾಖಲೆಯ ಉದಾಹರಣೆಗಳಲ್ಲಿ ಅರಾಲ್ಕಿಲ್ ಇಲ್ಲ ಎನ್ನುತ್ತಾರೆ. ಎಲ್ಲವೂ ಒಂದೇ ದಾಖಲೆಯಲ್ಲಿ ಇದ್ದಿದ್ದರೆ ಹೊಸತನವೇ ಇರುತ್ತಿರಲಿಲ್ಲ, ಆಬ್ವಿಯಸ್ ಪ್ರಶ್ನೆಗೇ ಬರುತ್ತಿರಲಿಲ್ಲ. ನಮ್ಮ ಉದ್ದೇಶ ತಾಮ್ರದ ತುಕ್ಕು, ಅವರದು ಬೆಸುಗೆಯ ಬಿರುಕು ಎನ್ನುತ್ತಾರೆ. ಅರ್ಜಿದಾರನ ಕಾರಣವೇ ಹಳೆಯ ದಾಖಲೆಯಲ್ಲೂ ಇರಬೇಕಿಲ್ಲ, ಬೇರೆ ಕಾರಣಕ್ಕಾದರೂ ಕೂಡಿಸಲು ಪ್ರೇರಣೆ ಇದ್ದರೆ ಸಾಕು. 1990ರ ಡಿಲ್ಲನ್ ತೀರ್ಪಿನಿಂದ ಇದು ಇತ್ಯರ್ಥವಾದ ಮಾತು. ಎಕ್ಸಾಮಿನರ್ ನಮ್ಮ ಅರ್ಜಿ ಓದಿ ಹಿಂದಿನಿಂದ ಜೋಡಿಸಿದ್ದಾರೆ ಎನ್ನುತ್ತಾರೆ. ದಾಖಲೆಯೇ ಕಾರಣ ಹೇಳುವಾಗ ಈ ದೂರು ನಿಲ್ಲದು. ವಕೀಲರು ಪತ್ರದಲ್ಲಿ ನಮ್ಮದು ಅದ್ಭುತ ಫಲಿತಾಂಶ ಎಂದು ಬರೆದರೆ ಅದು ವಾದವೇ ಹೊರತು ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕೆಂದರೆ ಅರ್ಜಿಯೊಳಗಿನ ಕೋಷ್ಟಕ ಇರಬೇಕು, ಇಲ್ಲವೇ ನಿಯಮ 1.132ರ ಕೆಳಗೆ ಪ್ರಯೋಗ ಬಲ್ಲವರು ಸಹಿ ಹಾಕಿದ ಘೋಷಣೆ ಇರಬೇಕು.

ಗೆಲ್ಲಬಲ್ಲ ಕೋಷ್ಟಕ ಹೇಗಿರುತ್ತದೆ? ನಾಲ್ಕು ಮಿಶ್ರಣ ಮಾಡಿ. ಎರಡೂ ಇಲ್ಲದ್ದು, ಅರಾಲ್ಕಿಲ್ ಮಾತ್ರ ಇರುವುದು, ಹೈಡ್ರೋಟಾಲ್ಸೈಟ್ ಮಾತ್ರ ಇರುವುದು, ಎರಡೂ ಇರುವುದು. 130 ಡಿಗ್ರಿ, ಶೇ. 85 ತೇವದ ಹ್ಯಾಸ್ಟ್ ಪರೀಕ್ಷೆಯಲ್ಲಿ (ಬಿಸಿ, ತೇವ ಕೊಟ್ಟು ಬೇಗ ಹಳತಾಗಿಸುವ ಪರೀಕ್ಷೆ) ತಂತಿಯ ರೋಧ ಕೆಡುವ ಹೊತ್ತು ಮೊದಲ ಮೂರರಲ್ಲಿ ಕ್ರಮವಾಗಿ 96, 144, 192 ಗಂಟೆ ಎಂದು ಇಟ್ಟುಕೊಳ್ಳಿ (ಅಂಕಿ ಕಲ್ಪಿತ). ಒಂದರಿಂದ 48 ಗಂಟೆ, ಇನ್ನೊಂದರಿಂದ 96 ಗಂಟೆ ಲಾಭ, ಮೂಲದ 96ಕ್ಕೆ ಎರಡನ್ನೂ ಕೂಡಿದರೆ 240. ನಾಲ್ಕನೆಯದು 250 ಗಂಟೆ ತಾಳಿದರೆ ಅದು ಬರೀ ಕೂಡಿಕೆ. ಚುರುಕು ಎಕ್ಸಾಮಿನರ್ ಕೂಡುವ ಬದಲು ಗುಣಿಸುತ್ತಾರೆ: ಒಂದೂವರೆ ಪಟ್ಟು, ಎರಡು ಪಟ್ಟು, ಒಟ್ಟು ಮೂರು ಪಟ್ಟು, 288 ಗಂಟೆ. ಆ 288ನ್ನೂ ಎದ್ದುಕಾಣುವಷ್ಟು ದಾಟಿ 500ರ ಆಚೆ ಹೋದರೆ ಮಾತ್ರ ಮಾತಾಡಲು ಏನೋ ಇದೆ. ಈ ನಾಲ್ಕು ಕೋಣೆಯ ಕೋಷ್ಟಕವಿಲ್ಲದೆ, ನಾಲ್ಕನೆಯದನ್ನು ಮೊದಲನೆಯದರ ಜೊತೆ ಮಾತ್ರ ಹೋಲಿಸಿದ ಅರ್ಜಿಗಳೇ ಜಾಸ್ತಿ.

ಅಷ್ಟಕ್ಕೂ ಮುಗಿಯುವುದಿಲ್ಲ. 0.1 ಮತ್ತು 0.5, 84 ಮತ್ತು 90, ಈ ಅಂಚುಗಳಲ್ಲೂ ಪ್ರಯೋಗ ಬೇಕು. ಅಂಚಿನ ಹೊರಗೆ, 0.05ರಲ್ಲೂ 1.0ರಲ್ಲೂ, ಗುಣ ಬೀಳುವುದನ್ನು ತೋರಿಸಿದರೆ ಹಳೆಯ 0.05–3 ಒಳಗಿನ ನಮ್ಮ ಪುಟ್ಟ ವ್ಯಾಪ್ತಿಗೆ ಅರ್ಥ ಬರುತ್ತದೆ. ಜೊತೆಗೆ ಕ್ಲೇಮಿನಲ್ಲಿ ಅಯಾನು ಹಿಡಿಯುವ ಪದಾರ್ಥ ಎಂದು ಸಾರಾಸಗಟಾಗಿ ಬರೆದು, ಒಂದೇ ಒಂದು ಹೈಡ್ರೋಟಾಲ್ಸೈಟಿನ ದತ್ತಾಂಶ ಕೊಟ್ಟರೆ 1983ರ ಗ್ರಾಸೆಲ್ಲಿ ತೀರ್ಪು ಅಡ್ಡ ಬರುತ್ತದೆ: ಅಲ್ಲಿ ಕ್ಷಾರ ಲೋಹಗಳೆಲ್ಲ ಬೇಕೆಂದು ಕೇಳಿ ಸೋಡಿಯಂ ಒಂದರ ಫಲಿತಾಂಶ ಕೊಟ್ಟಿದ್ದರು.

ಕೋಷ್ಟಕ ಕೆಡುವ ಜಾಗಗಳು

ಎಕ್ಸಾಮಿನರ್ ಹೋಗಲಿ, ಎದುರು ಪಕ್ಷದ ರಸಾಯನಶಾಸ್ತ್ರಜ್ಞ ಮೊದಲು ಹುಡುಕುವುದು ಈಕ್ವಿವಲೆಂಟ್ ಅನುಪಾತವನ್ನು, ಅಂದರೆ ರಾಳದ ಎಪಾಕ್ಸಿ ಗುಂಪುಗಳಿಗೂ ಅವುಗಳ ಜೊತೆ ಕೂಡುವ ಹೈಡ್ರಾಕ್ಸಿಲ್ ಗುಂಪುಗಳಿಗೂ ಇರುವ ಅನುಪಾತವನ್ನು. ಒಂದು ಮೋಲ್ ಗುಂಪು ಇರುವಷ್ಟು ವಸ್ತುವಿನ ಗ್ರಾಂ ತೂಕವೇ ಅದರ ಈಕ್ವಿವಲೆಂಟ್. ಎಪಾಕ್ಸಿ ಈಕ್ವಿವಲೆಂಟ್ ಸುಮಾರು 195 ಇರುವ ರಾಳ 100 ಗ್ರಾಮಿಗೆ, ಹೈಡ್ರಾಕ್ಸಿಲ್ ಈಕ್ವಿವಲೆಂಟ್ 105ರ ಫೀನಾಲ್ ನೊವೊಲಾಕ್ 54 ಗ್ರಾಂ ಹಾಕಿದರೆ ಸರಿಸಮ. ಆ ರಾಳ ತೆಗೆದು ಈಕ್ವಿವಲೆಂಟ್ 275ರ ಬೈಫಿನೈಲ್ ಅರಾಲ್ಕಿಲ್ ಎಪಾಕ್ಸಿ ಹಾಕಿದರೆ ಬೇಕಾಗುವ ಹಾರ್ಡ್‌ನರ್ 38 ಗ್ರಾಂ. ಆದರೆ ರಾಳ ಮಾತ್ರ ಬದಲಿಸಿ ಉಳಿದದ್ದು ಹಾಗೇ ಇಡಬೇಕೆಂದು 54 ಗ್ರಾಂ ಇಟ್ಟುಬಿಡುತ್ತಾರೆ. ಆಗ ಎಪಾಕ್ಸಿ–ಹೈಡ್ರಾಕ್ಸಿಲ್ ಅನುಪಾತ 0.7ಕ್ಕೆ ಇಳಿದು, ಮೂರನೇ ಒಂದು ಭಾಗಕ್ಕೆ ಸಮೀಪ ಹಾರ್ಡ್‌ನರ್ ಕೂಡದೆ ಉಳಿಯುತ್ತದೆ. ಗಾಜಿನ ಸ್ಥಿತ್ಯಂತರದ ತಾಪ, ಕಸುಬಿನ ಮಾತಲ್ಲಿ ಟಿಜಿ, ಕುಸಿಯುತ್ತದೆ; ನೀರು ಹೀರುವುದು ಏರುತ್ತದೆ. ಹೋಲಿಕೆಯ ಮಿಶ್ರಣ ಕೆಟ್ಟದ್ದು ಹಳೆಯ ರಾಳದ ದೋಷದಿಂದಲ್ಲ, ನಾವು ತೂಗಿದ ದೋಷದಿಂದ. ಇದು ಒಮ್ಮೆ ಬಯಲಾದರೆ ಇಡೀ ಕೋಷ್ಟಕದ ಮಾನ ಹೋಗುತ್ತದೆ. ಒಂದೇ ಬದಲಾವಣೆ ಎನ್ನುವುದಕ್ಕೆ ಇಲ್ಲಿ ಅರ್ಥ ಗ್ರಾಂ ಹಾಗೇ ಇಡುವುದಲ್ಲ, ಅನುಪಾತ ಹಾಗೇ ಇಡುವುದು.

ಎರಡನೆಯದು ಸಿಲೇನ್. ಅದು ಅಂಟುವುದು ಸಿಲಿಕಾದ ಮೈಗೆ, ತೂಕಕ್ಕಲ್ಲ. ಗ್ಲೈಸಿಡಾಕ್ಸಿಪ್ರೊಪೈಲ್ ಟ್ರೈಮೆಥಾಕ್ಸಿ ಸಿಲೇನ್ ಒಂದು ಗ್ರಾಂ ಸುಮಾರು 330 ಚದರ ಮೀಟರ್ ಮೈ ಮುಚ್ಚುತ್ತದೆ ಎಂಬುದು ರೂಢಿಯ ಲೆಕ್ಕ. ಗ್ರಾಮಿಗೆ 3 ಚದರ ಮೀಟರ್ ಮೈಯಿರುವ ಸಿಲಿಕಾ 100 ಗ್ರಾಮಿಗೆ 0.9 ಗ್ರಾಂ ಬೇಕು. 6 ಚದರ ಮೀಟರಿನ ಸಣ್ಣ ಪುಡಿಗೆ ಅದರ ಎರಡರಷ್ಟು. ಸಿಲಿಕಾದ ಕಣ ಬದಲಿಸಿ ಸಿಲೇನ್ ಹಾಗೇ ಇಟ್ಟರೆ ಹರಿವು, ಅಂಟು ಎರಡೂ ಕೆಡುತ್ತವೆ, ಆ ಪಾಪವೂ ಸಿಲಿಕಾದ ತಲೆಗೆ ಬರುತ್ತದೆ.

ಶೇಕಡಾ ಎಂದರೆ ತೂಕದ್ದೋ ಗಾತ್ರದ್ದೋ ಎಂಬುದೂ ಹಳೆಯ ಬಲೆ. ಸಿಲಿಕಾದ ಸಾಂದ್ರತೆ 2.2, ರಾಳದ್ದು 1.2 ಎಂದು ಹಿಡಿದರೆ ತೂಕದಲ್ಲಿ 88 ಎಂದರೆ ಗಾತ್ರದಲ್ಲಿ 80. ತೂಕದಲ್ಲಿ 80 ಎಂದರೆ ಗಾತ್ರದಲ್ಲಿ 69ರ ಆಸುಪಾಸು. ಹಳೆಯ ದಾಖಲೆ ಗಾತ್ರದಲ್ಲಿ 70ರಿಂದ 80 ಎಂದಿದ್ದರೆ ನಮ್ಮ ತೂಕದ 84 ಅದರಿಂದ ಹೊರಗಿಲ್ಲ, ನಟ್ಟನಡುವೆ ಇದೆ. ಸಿಲಿಕಾ ಬದಲು ಅಲ್ಯುಮಿನಾ ಆದರೆ ಸಾಂದ್ರತೆ 4ರ ಹತ್ತಿರ, ಲೆಕ್ಕವೇ ಬೇರೆ. ಎರಡನ್ನೂ ಒಂದೇ ತೂಕದಲ್ಲಿ ಹೋಲಿಸಿದ ಕೋಷ್ಟಕಕ್ಕೆ ಬೆಲೆಯಿಲ್ಲ.

ಪುಡಿಯ ವಯಸ್ಸನ್ನು ಬಹಳ ಜನ ಮರೆಯುತ್ತಾರೆ. ಟ್ರೈಫಿನೈಲ್ ಫಾಸ್ಫೀನ್ ಎಂಬ ಕೆಟಲಿಸ್ಟ್ ಹಾಕಿದ ಮಿಶ್ರಣ ನಾದುವಾಗಲೇ ಅಷ್ಟಿಷ್ಟು ಕೂಡಲು ಶುರುಮಾಡುತ್ತದೆ, ಕೋಣೆಯ ಬಿಸಿಯಲ್ಲಿ ದಿನಗಳಲ್ಲಿ ಹರಿವು ಕಳೆದುಕೊಳ್ಳುತ್ತದೆ. ಅದಕ್ಕೇ 5 ಡಿಗ್ರಿಯ ಕೆಳಗೆ ಇಡುವುದು. ಹೊರಗೆ ತೆಗೆದಾಗ ಚೀಲ ಬಿಚ್ಚದೆ ಕೋಣೆಯ ತಾಪಕ್ಕೆ ಬರಲು ಬಿಡಬೇಕು, ಇಲ್ಲದಿದ್ದರೆ ಇಬ್ಬನಿ ಕೂತು ಅಚ್ಚಿನಲ್ಲಿ ಗುಳ್ಳೆ ಬರುತ್ತದೆ. ಹೋಲಿಕೆಯ ಮಿಶ್ರಣ ಮೂರು ವಾರದ ಹಳೆಯದು, ನಮ್ಮದು ನಿನ್ನೆಯದು ಎಂದಾದರೆ ಸ್ಪೈರಲ್ ಫ್ಲೋ ಅಂಕಿ (ಸುರುಳಿ ಅಚ್ಚಿನಲ್ಲಿ ಎಷ್ಟು ದೂರ ಹರಿಯಿತೆಂಬ ಅಳತೆ) ಹೇಳುವುದು ಕೆಟಲಿಸ್ಟಿನ ಗುಣವನ್ನಲ್ಲ, ಕ್ಯಾಲೆಂಡರನ್ನು. ತಯಾರಿಸಿದ ದಿನ, ಪರೀಕ್ಷಿಸಿದ ದಿನ, 175 ಡಿಗ್ರಿ, 6.9 ಮೆಗಾಪಾಸ್ಕಲ್ ಒತ್ತಡ, 120 ಸೆಕೆಂಡ್ ಎಂಬೆಲ್ಲ ವಿವರ ನೋಟ್‌ಬುಕ್ಕಿನಲ್ಲಿ ಇರಲೇಬೇಕು.

ಬಿರುಕಿನ ಎಣಿಕೆಯಲ್ಲಿ ಇನ್ನೊಂದು. 85 ಡಿಗ್ರಿ, ಶೇ. 85 ತೇವದಲ್ಲಿ 168 ಗಂಟೆ ನೆನೆಸಿ, 260 ಡಿಗ್ರಿಯಲ್ಲಿ ಮೂರು ಸಲ ಕಾಯಿಸಿ, ನಮ್ಮದರಲ್ಲಿ ಹತ್ತಕ್ಕೆ ಸೊನ್ನೆ, ಹಳೆಯದರಲ್ಲಿ ಹತ್ತಕ್ಕೆ ಎರಡು ಎಂದು ಬರೆಯುತ್ತಾರೆ. ಇಪ್ಪತ್ತು ಪ್ಯಾಕೇಜಿನಲ್ಲಿ ಎರಡು ಕೆಟ್ಟವು ಬರೀ ಆಕಸ್ಮಿಕವಾಗಿ ಆ ಒಂದೇ ಗುಂಪಿಗೆ ಬೀಳುವ ಸಾಧ್ಯತೆಯೇ ಶೇ. 24ರ ಹತ್ತಿರ. ನಾಣ್ಯವನ್ನು ಎರಡು ಸಲ ಚಿಮ್ಮಿ ಎರಡೂ ತಲೆ ಬಂತು ಎಂದಷ್ಟೇ ಬೆರಗು. ಪ್ಯಾಕೇಜು ಹೆಚ್ಚಿಸಿ, ಇಲ್ಲವೇ ಇದೆ-ಇಲ್ಲ ಎಂಬ ಎಣಿಕೆ ಬಿಟ್ಟು ಅಲ್ಟ್ರಾಸೌಂಡ್ ಚಿತ್ರದಲ್ಲಿ ರಾಳ ಎದ್ದ ಜಾಗದ ಶೇಕಡಾ ಅಳೆಯಿರಿ. ಅಳತೆ ಸಿಕ್ಕರೆ ಹತ್ತು ಪ್ಯಾಕೇಜೂ ಬಹಳಷ್ಟು ಹೇಳುತ್ತವೆ.

ಇನ್ನು ಯಾವುದರ ಜೊತೆ ಹೋಲಿಸಬೇಕು? ಹಳೆಯ ದಾಖಲೆಯ ಅತ್ಯಂತ ಹತ್ತಿರದ ಉದಾಹರಣೆಯ ಜೊತೆ. ಅದರಲ್ಲಿ ಎಂಟು ಉದಾಹರಣೆಗಳಿದ್ದು ಮೂರನೆಯದು ನಮಗೆ ಅಂಟಿಕೊಂಡಂತಿದ್ದರೆ, ಎಂಟನೆಯದನ್ನು ಆರಿಸಿ ಸೋಲಿಸುವುದು ವ್ಯರ್ಥ. ಅವರ ಮೂರನೆಯದನ್ನು ಹಾಗೆಹಾಗೇ ಮಾಡಿ. ಜೊತೆಗೆ ನಮ್ಮದೇ ಮಿಶ್ರಣದಲ್ಲಿ ವ್ಯತ್ಯಾಸದ ಒಂದಂಶ ಮಾತ್ರ ಹಿಂದಕ್ಕೆ ತಿರುಗಿಸಿದ ಇನ್ನೊಂದನ್ನೂ ಮಾಡಿ. ಎರಡನೆಯದು ಮೊದಲನೆಯದಕ್ಕಿಂತ ನಮಗೆ ಹತ್ತಿರವಾದ್ದರಿಂದ ಅದರೆದುರು ಗೆದ್ದರೆ ವಾದ ಗಟ್ಟಿ.

ಗುಣವನ್ನೇ ಕ್ಲೇಮು ಮಾಡುವವರು

ಪದಾರ್ಥಗಳಲ್ಲಿ ಹೊಸದಿಲ್ಲದಾಗ ಅಳತೆಯನ್ನೇ ಕ್ಲೇಮಿಗೆ ಹಾಕುವ ರೂಢಿ ಈ ಕ್ಷೇತ್ರದಲ್ಲಿ ದಟ್ಟವಾಗಿದೆ: 260 ಡಿಗ್ರಿಯಲ್ಲಿ ಸ್ಟೋರೇಜ್ ಮಾಡ್ಯುಲಸ್ (ಬಿಗಿತದ ಅಳತೆ) ಇಷ್ಟು, ಕರಗಿದಾಗಿನ ಸ್ನಿಗ್ಧತೆ ಇಷ್ಟು, ಎರಡರ ಭಾಗಲಬ್ಧ ಇಷ್ಟರೊಳಗೆ. ಎಕ್ಸಾಮಿನರ್ ಬಳಿ ಪ್ರಯೋಗಾಲಯವಿಲ್ಲ, ಅವರು ಹೇಗೆ ಅಲ್ಲಗಳೆಯುತ್ತಾರೆ ಎಂಬುದು ಲೆಕ್ಕಾಚಾರ. 1977ರ ಬೆಸ್ಟ್ ತೀರ್ಪು ಅದನ್ನು ತಲೆಕೆಳಗು ಮಾಡುತ್ತದೆ. ಪದಾರ್ಥ ಒಂದೇ, ತಯಾರಿಯೂ ಒಂದೇ ಎಂದು ಕಂಡರೆ ಗುಣವೂ ಒಂದೇ ಎಂದು ಭಾವಿಸಬಹುದು. ಅಲ್ಲವೆಂದು ತೋರಿಸುವುದು ಅರ್ಜಿದಾರನ ಕೆಲಸ. ಅಂದರೆ ಹಳೆಯ ಉದಾಹರಣೆಯನ್ನು ನೀವೇ ಮಾಡಿ, ನೀವೇ ಅಳೆದು, ಅದು ನಿಮ್ಮ ವ್ಯಾಪ್ತಿಯ ಹೊರಗಿದೆ ಎಂದು ತೋರಿಸಬೇಕು. ಅಳೆದಾಗ ಒಳಗೇ ಬಿದ್ದರೆ ಆ ಕ್ಲೇಮನ್ನು ಅಲ್ಲೇ ಬಿಡುವುದು ಲೇಸು. ಅಮೆರಿಕದಲ್ಲಿ ಗೊತ್ತಿದ್ದೂ ಮುಚ್ಚಿಟ್ಟರೆ ಮುಂದೆ ಇಡೀ ಪೇಟೆಂಟ್ ಜಾರಿಗೆ ಬಾರದಂತಾಗುವ ಅಪಾಯವಿದೆ.

ಜಪಾನಿನಲ್ಲಿ ಇಂಥ ಕ್ಲೇಮುಗಳಿಗೆ ಬೇರೆ ಪೆಟ್ಟು ಬಿದ್ದಿದೆ. ಟೋಕಿಯೋದ ಬೌದ್ಧಿಕ ಆಸ್ತಿ ಉಚ್ಚ ನ್ಯಾಯಾಲಯದ ಮಹಾಪೀಠ 2005ರ ನವೆಂಬರಿನಲ್ಲಿ, ಪೋಲರೈಸಿಂಗ್ ಫಿಲ್ಮಿನ ಪ್ರಕರಣದಲ್ಲಿ, ಸೂತ್ರದಿಂದ ಹೇಳಿದ ವ್ಯಾಪ್ತಿಯನ್ನು ಬೆರಳೆಣಿಕೆಯ ಪ್ರಯೋಗ ಆಧರಿಸಲಾರದು, ಅರ್ಜಿ ಹಾಕಿದ ಮೇಲೆ ತಂದ ದತ್ತಾಂಶದಿಂದ ಆ ಕೊರತೆ ತುಂಬಲಾಗದು ಎಂದಿತು. ಯುರೋಪಿನಲ್ಲಿ ಹತ್ತಿರದ ದಾಖಲೆಗಿಂತ ಏನು ಸುಧಾರಿಸಿದೆ ಎಂಬುದರಿಂದ ಸಮಸ್ಯೆಯನ್ನು ಕಟ್ಟುತ್ತಾರೆ. ಸುಧಾರಣೆ ತೋರಿಸದಿದ್ದರೆ ಸಮಸ್ಯೆ ಬರೀ ಇನ್ನೊಂದು ಮಿಶ್ರಣ ಒದಗಿಸುವುದು ಎಂದಾಗುತ್ತದೆ, ಆಗ ಯಾವ ಗೊತ್ತಿದ್ದ ಹಾರ್ಡ್‌ನರ್ ಹಾಕಿದರೂ ಆಬ್ವಿಯಸ್. ತಡವಾಗಿ ತಂದ ದತ್ತಾಂಶದ ಬಗ್ಗೆ 2023ರ ಜಿ 2/21 ನಿರ್ಣಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಆ ಪರಿಣಾಮ ಮೂಲ ಅರ್ಜಿಯ ಬೋಧನೆಯೊಳಗೆ ಅಡಗಿರಬೇಕು. ತಾಮ್ರದ ತುಕ್ಕಿನ ಮಾತೇ ಇಲ್ಲದ ಅರ್ಜಿಗೆ ಐದು ವರ್ಷದ ಮೇಲೆ ತುಕ್ಕಿನ ಕೋಷ್ಟಕ ತಂದರೆ ನಡೆಯುವುದು ಕಷ್ಟ.

ನಮ್ಮಲ್ಲಿ, ಅಂದರೆ ಭಾರತದಲ್ಲಿ, ಎರಡು ಗೇಟು ದಾಟಬೇಕು. ಇನ್ವೆಂಟಿವ್ ಸ್ಟೆಪ್ ಎಂಬುದು ಕಲಂ 2(1)(ಜೆಎ)ದಲ್ಲಿದೆ. ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ಪರಿಣತನಿಗೆ ಆಬ್ವಿಯಸ್ ಆಗಿರಬಾರದು. 1978ರಲ್ಲೇ ಸುಪ್ರೀಂ ಕೋರ್ಟ್, ಪಾತ್ರೆಗಳನ್ನು ಕಡೆಯುವಾಗ ಹಿಡಿದಿಡುವ ಸಾಧನದ ಬಿಶ್ವನಾಥ್ ಪ್ರಸಾದ್ ಪ್ರಕರಣದಲ್ಲಿ, ಬರೀ ಕಾರ್ಖಾನೆಯ ಸುಧಾರಣೆಗಿಂತ ಹೆಚ್ಚಿನದು ಬೇಕು ಎಂದಿತ್ತು. ಇದರ ಪಕ್ಕದಲ್ಲೇ ಕಲಂ 3(ಇ): ಘಟಕಗಳ ಗುಣ ಬರೀ ಒಟ್ಟುಗೂಡಿದ ಮಿಶ್ರಣ ಆವಿಷ್ಕಾರವೇ ಅಲ್ಲ. ಕರ್ನಾಟಕದಿಂದ ಹೋಗುವ ಅರ್ಜಿಗಳು ಸೇರುವುದು ಚೆನ್ನೈ ಕಚೇರಿಗೆ. ಯಾವ ಕಚೇರಿಯಾದರೂ ಮಿಶ್ರಣ ಎಂದರೆ 3(ಇ) ಆಕ್ಷೇಪಕ್ಕೆ ಮೊದಲೇ ಸಿದ್ಧರಾಗಿರುವುದು ಒಳ್ಳೆಯದು. ಮೇಲೆ ಹೇಳಿದ ನಾಲ್ಕು ಕೋಣೆಯ ಕೋಷ್ಟಕ ಇಲ್ಲಿ ಎರಡು ಕೆಲಸ ಮಾಡುತ್ತದೆ. ಕೂಡಿಸಿದ ಮೊತ್ತವನ್ನು ದಾಟಿದೆ ಎಂದು ತೋರಿಸಿದರೆ 3(ಇ)ಗೂ ಅದೇ ಉತ್ತರ. ವಿದೇಶದಲ್ಲಿ ಬರೆದ ಅರ್ಜಿಯನ್ನು ಹಾಗೇ ತಂದು ಹಾಕುವವರು ಈ ಕೋಷ್ಟಕ ಇಲ್ಲದೆ ಸಿಕ್ಕಿಬೀಳುತ್ತಾರೆ, ಕಲಂ 59ರ ಬಿಗಿಯಲ್ಲಿ ಆಮೇಲೆ ತಿದ್ದಲು ಜಾಗವೂ ಕಡಿಮೆ.

ಕೊನೆಗೆ ಪ್ರಯೋಗಾಲಯದವರಿಗೂ ವಕೀಲರಿಗೂ ನಡುವೆ ಬಿದ್ದುಹೋಗುವ ಒಂದು ಸಂಗತಿ. ನಮ್ಮ ಹೊಸ ಮಿಶ್ರಣಕ್ಕೆ ಎಲ್ಲಕ್ಕಿಂತ ಹತ್ತಿರದ ಹಳೆಯದು ಅನೇಕ ಸಲ ನಮ್ಮದೇ ಹಿಂದಿನ ಗ್ರೇಡ್. ಅದರ ಸೂತ್ರ ಗುಟ್ಟಾಗಿದೆ, ಪ್ಯಾಕೇಜಿಂಗ್ ಕಂಪನಿ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದುಕೊಳ್ಳುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 2019ರ ಹೆಲ್ಸಿನ್ ತೀರ್ಪಿನಲ್ಲಿ, ಗುಟ್ಟು ಕಾಯುವ ಕರಾರಿನಡಿ ಮಾರಿದ್ದೂ ಮಾರಾಟವೇ ಎಂದಿದೆ. ಅರ್ಜಿಗೆ ಒಂದು ವರ್ಷಕ್ಕಿಂತ ಹಿಂದೆ 25 ಕಿಲೋ ಮಾದರಿಗೆ ಬಿಲ್ಲು ಹರಿದಿದ್ದರೆ, ಆ ಮಿಶ್ರಣ ಅಲ್ಲಿ ಹಳೆಯ ದಾಖಲೆಗಳ ಸಾಲಿಗೆ ಸೇರಬಹುದು, ಹೊಸದು ಅದರಿಂದ ಹೊಳೆಯುವಂಥದ್ದೇ ಎಂಬ ಪ್ರಶ್ನೆ ಏಳಬಹುದು. ಆದ್ದರಿಂದ ಹೋಲಿಕೆಯ ಸಾಲಿನಲ್ಲಿ ಸ್ಪರ್ಧಿಯ ಪೇಟೆಂಟಿನ ಮೂರನೆಯ ಉದಾಹರಣೆಯ ಪಕ್ಕ ನಮ್ಮ ಹಳೆಯ ಗ್ರೇಡನ್ನೂ ಇಡಬೇಕು. ಮಾದರಿ ಹೋದ ದಿನಾಂಕ, ಲಾಟ್ ಸಂಖ್ಯೆ, ಬಿಲ್ಲಿತ್ತೇ ಉಚಿತವೇ ಎಂಬ ಪಟ್ಟಿಯನ್ನು ಮಾರಾಟ ವಿಭಾಗದಿಂದ ತರಿಸಿಕೊಳ್ಳಬೇಕಾದ್ದು ಅರ್ಜಿ ಬರೆಯಲು ಕೂರುವ ಮೊದಲು.